ನಾನು ಹೇಳಿಕೊಡದೇ ಬಿಟ್ಟ ಲೆಕ್ಕಗಳು

ನನ್ನ ಬಾಯಿಗೆ ತಡೆಯೇ ಇರಲಿಲ್ಲ. ಮಕ್ಕಳು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿಬಿಡುತ್ತಿದ್ದೆ. ಒಳ್ಳೆಯ ಶಿಕ್ಷಕಿ ಅಂದರೆ ಅದೇ ಅಂತ ನಂಬಿದ್ದೆ.

ಎಂಬತ್ತರ ದಶಕದ ಕೊನೆ. ಅಥಣಿ ತಾಲೂಕಿನ ಒಂದು ಹಳ್ಳಿ. ನಮ್ಮ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಲೆಕ್ಕದಲ್ಲಿ ಭಾರಿ ಚುರುಕು. ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾದರೆ ಅವಳಿಗೆ ಮುಂದಿನ ಓದು. ಇಲ್ಲದಿದ್ದರೆ ಅಪ್ಪನ ಜೊತೆ ಕುರಿಗಳ ಹಿಂದೆ, ಅಷ್ಟೇ.

ಅವಳಿಗಾಗಿ ಜೀವ ತೇಯ್ದೆ. ದಿನಾ ಸಂಜೆ ಲೆಕ್ಕ ಬಿಡಿಸಿ ಬರೆಸಿದೆ. ಒಂದು ದಿನ ಹೊಸ ಪ್ರಶ್ನೆಪತ್ರಿಕೆ ಕೊಟ್ಟರೆ ಅರ್ಧ ಖಾಲಿ ಬಿಟ್ಟು ಕೂತಳು. ಯಾಕೆ ಅಂದೆ.

“ಇವನ್ನ ನೀವು ಹೇಳಿಕೊಟ್ಟಿಲ್ಲಲ್ರಿ, ಅಕ್ಕೋರ.”

ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಮನೆಗೆ ಹೋಗಿ ಒಲೆ ಮುಂದೆ ಕೂತಾಗ ಹೊಳೆಯಿತು, ತಪ್ಪು ನನ್ನದೇ.

ಆ ಭಾನುವಾರ ಗಡಿಯಾಚೆಯ ಮಿರಜಿಗೆ ಹೋದವಳು ಮರಾಠಿಯ ಲೆಕ್ಕದ ಪುಸ್ತಕವೊಂದನ್ನು ತಂದೆ. ನಾನು ಧಾರವಾಡದ ಕಡೆಯವಳು, ಮರಾಠಿ ತಿಳಿಯದು, ಹೇಳಿಕೊಡಬೇಕೆಂದರೂ ಆಗದು. ಅವಳದು ವರ್ಷವರ್ಷ ಕುರಿ ಹೊಡೆದುಕೊಂಡು ಗಡಿ ದಾಟುವ ಮನೆ, ಮರಾಠಿ ನೀರು ಕುಡಿದಂತೆ. ಅಕ್ಷರ ಹಿಂದಿ ಪಾಠದಲ್ಲಿ ಕಲಿತಿದ್ದಳು.

“ಇದು ಹೆಂಗ್ರಿ?”

“ನನಗ ಗೊತ್ತಿಲ್ಲವ್ವಾ. ನೀನ ಓದಿ ನನಗ ಹೇಳು.”

ಮೂರು ದಿನ ಮುಖ ಊದಿಸಿಕೊಂಡಳು. ನಾಲ್ಕನೆಯ ದಿನ ಅವಳ ಅಪ್ಪ ಬಂದ.

“ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ ಅಕ್ಕೋರ? ಹೇಳಿಕೊಡೂದು ಬಿಟ್ಟೀರಂತ.”

ಇನ್ನೊಂದು ವಾರ ತಡೀರಿ ಅಂದೆ. ಪರೀಕ್ಷೆ ಹತ್ತಿರವಾಗಿತ್ತು. ಹುಡುಗಿಯ ಬಾಳನ್ನು ನಾನೇ ಹಾಳು ಮಾಡುತ್ತಿದ್ದೇನೆಯೋ ಎಂದು ಹೆದರಿಕೆಯಾಗಿ ಊಟ ಸೇರಲಿಲ್ಲ.

ವಾರ ತುಂಬುವ ಮೊದಲೇ ಅವಳು ಬೋರ್ಡಿನ ಮುಂದೆ ನಿಂತು ಆ ಪುಸ್ತಕದ ಲೆಕ್ಕವೊಂದನ್ನು ನನಗೆ ಹೇಳಿಕೊಟ್ಟಳು. ಎರಡು ಕಡೆ ತಪ್ಪಿದಳು, ತಾನೇ ಅಳಿಸಿದಳು. ನಾನು ತುಟಿ ಬಿಗಿಹಿಡಿದು ಕೂತೆ. ಅಷ್ಟು ಕಷ್ಟದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಪರೀಕ್ಷೆ ಮುಗಿಸಿ ಅಥಣಿಯಿಂದ ಬಸ್ಸಿನಲ್ಲಿ ಬರುವಾಗ ಪ್ರಶ್ನೆಪತ್ರಿಕೆ ಇಸಿದುಕೊಂಡೆ. ಕೊನೆಯ ಲೆಕ್ಕದಲ್ಲಿ ಸಿಕ್ಕಿಬಿದ್ದೆ.

“ಇದಕ್ಕ ನಿನ್ನ ಉತ್ತರ ಎಷ್ಟ ಬಂತು?”

“ಈಗ ಹೇಳಂಗಿಲ್ರಿ. ಮೊದಲ ನೀವು ಬಿಡಸ್ರಿ.”

ಅಂದವಳೇ ಕಿಟಕಿಯ ಕಡೆ ತಿರುಗಿ ಕೂತಳು. ಊರು ಬರುವ ತನಕ ಒಂದು ಅಂಕಿಯನ್ನೂ ಬಾಯಿ ಬಿಡಲಿಲ್ಲ. ಎರಡು ತಿಂಗಳ ಮೇಲೆ ಅವಳು ಪಾಸಾದ ಕಾಗದ ಬಂತು. ನನಗದು ಬಸ್ಸಿನಲ್ಲೇ ಗೊತ್ತಾಗಿತ್ತು.