ಮಣ್ಣಿಗೆ ಹೋಗಿ ಬಂದೆ

ಮಳೆಗಾಲ ಶುರುವಾದ ಹೊತ್ತು. ಬೆಳಿಗ್ಗೆ ಬೇಗ ಸವಳಂಗ ರಸ್ತೆಯ ನಮ್ಮ ಮನೆಯ ಗೇಟು ತೆಗೆಯುತ್ತಿದ್ದೆ. ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ವಿಮಲಮ್ಮ ತಲೆ ಎತ್ತಿದರು.

"ಎಲ್ಲಿಗೆ ಇಷ್ಟೊತ್ತಿಗೆ?"

"ಭದ್ರಾವತಿಗೆ. ಮಣ್ಣಿಗೆ ಹೋಗ್ತಿದ್ದೀನಿ."

"ಅಯ್ಯೋ ದೇವ್ರೇ, ಯಾರು ಹೋದ್ರು?"

(ಮಣ್ಣಿಗೆ ಹೋಗುವುದೆಂದರೆ ನಮ್ಮಲ್ಲಿ ಹೆಣ ಹೂಳುವಲ್ಲಿಗೆ ಹೋಗುವುದು. ಆದರೆ ನಾನು ಮಣ್ಣಿನ ವಿಜ್ಞಾನಿ. ಮಣ್ಣಿಗಲ್ಲದೆ ಇನ್ನೆಲ್ಲಿಗೆ ಹೋಗಲಿ?)

ಗದ್ದೆಯ ಮಣ್ಣಿನ ಸ್ಯಾಂಪಲ್ ತರುವುದು ಎಂದು ವಿವರಿಸಿದೆ. ಅವರಿಗೆ ಅರ್ಧವೇ ನಂಬಿಕೆ. ಸಂಜೆ ಕಾಲಿಗೆ ಕೆಸರು ಮೆತ್ತಿಕೊಂಡು ಬಂದವಳನ್ನು ನೋಡಿ, "ಯಾವುದಕ್ಕೂ ತಲೆ ಮೇಲೆ ನೀರು ಹಾಕ್ಕೊಂಡೇ ಒಳಗೆ ಹೋಗಿ" ಅಂದರು.

ನಿಜ ಹೇಳಬೇಕೆಂದರೆ, ಅವರು ಅಂದುಕೊಂಡದ್ದು ಪೂರ್ತಿ ಸುಳ್ಳೂ ಅಲ್ಲ. ಭದ್ರಾವತಿ ಓಲ್ಡ್ ಟೌನ್‌ನ ಶಾರದಕ್ಕನ ಗದ್ದೆ ಸತ್ತೇ ಹೋಗಿದೆ ಎಂದು ಕೇರಿಯವರೆಲ್ಲ ತೀರ್ಮಾನಿಸಿದ್ದರು. ಚಾನಲ್ ಪಕ್ಕದ ಗದ್ದೆ. ನೀರಿಗೆ ಬರವಿಲ್ಲ, ಅದೇ ತೊಂದರೆ! ವರ್ಷಾನುಗಟ್ಟಲೆ ನಿಂತ ನೀರು ಅಡಿಯ ಉಪ್ಪನ್ನೆಲ್ಲ ಮೇಲಕ್ಕೆ ತಂದು ನೆಲ ಚೌಳಾಗಿತ್ತು. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ. ನಾಟಿ ಮಾಡಿದ ಪೈರು ಸುಟ್ಟುಹೋಗುತ್ತಿತ್ತು.

"ಈ ಸಲವೂ ಭತ್ತ ಬರ್ಲಿಲ್ಲ ಅಂದ್ರೆ ಲೇಔಟ್‌ನವ್ರಿಗೆ ಕೊಟ್ಬಿಡೋಣ ಅತ್ತಿಗೆ" ಎಂದು ಮೈದುನ ಕೊನೆಯ ಮಾತು ಹೇಳಿಯಾಗಿತ್ತು. ಗಂಡನಿಲ್ಲದ ಶಾರದಕ್ಕನಿಗೆ ತನ್ನದು ಎನ್ನಲು ಇದ್ದದ್ದು ಆ ಗದ್ದೆಯೊಂದೇ.

ಹಿಂದಿನ ಸಲ ಹೋದಾಗ ನಾನು ಹೇಳಿಕೊಟ್ಟದ್ದು ಕಷ್ಟದ ಕೆಲಸವೇನಲ್ಲ. ಜಿಪ್ಸಂ ಹಾಕಿ, ನೀರು ಕಟ್ಟಿ, ಆಮೇಲೆ ಆ ನೀರನ್ನು ಬಸಿಗಾಲುವೆಗೆ ಬಿಟ್ಟುಬಿಡಿ. ಉಪ್ಪೂ ಅದರ ಜೊತೆ ಹೊರಟುಹೋಗುತ್ತದೆ. ಮತ್ತೆ ಕಟ್ಟಿ, ಮತ್ತೆ ಬಿಡಿ.

ಅವತ್ತು ಹೋಗಿ ನೋಡಿದರೆ ಗದ್ದೆ ಕೆರೆಯಾಗಿದೆ! ನೀರು ಹೊರಹೋಗುವ ಬಾಯಿಗೆ ಗೋಣಿಚೀಲ ತುರುಕಿ ಕೆಸರು ಮೆತ್ತಿದ್ದಾರೆ.

"ಯಾರ್ರೀ ಇದು ಮಾಡಿದ್ದು?"

"ನಾನೇ" ಅಂದರು ಶಾರದಕ್ಕ. "ನೀರು ಸುಮ್ನೆ ಹರಿದು ಹೋಗ್ತಿತ್ತು ಮಾರಾಯ್ತಿ, ನೋಡಕ್ಕಾಗ್ಲಿಲ್ಲ. ಈ ಚಾನಲ್ ನೀರಿಗೆ ಹಿಂದೆಲ್ಲಾ ಎಷ್ಟು ಜಗಳ ಆಡಿದೀವಿ ಗೊತ್ತಾ?"

ಸಿಟ್ಟು ನೆತ್ತಿಗೇರಿತು. ಸರ್ವೀಸಿನುದ್ದಕ್ಕೂ ಇದೇ ಗೋಳು. ನೀರು ಕಟ್ಟಿ ಅಂದರೆ ಖುಷಿಯಿಂದ ಕಟ್ಟುತ್ತಾರೆ. ಬಿಡಿ ಅಂದರೆ ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ. ನಾವಾದರೂ ಹೀಗೆ ಉಪ್ಪು ತೊಳೆಯುವುದಕ್ಕೆ ಟ್ರೈನಿಂಗ್‌ಗಳಲ್ಲಿ "ಲೀಚಿಂಗ್" ಎಂದು ಭಾಷಣ ಬಿಗಿಯುತ್ತೇವೆ. ಯಾರಿಗೆ ಅರ್ಥವಾಗಬೇಕು?

"ಶಾರದಕ್ಕ, ಸೋಪು ಹಾಕಿದ ಬಟ್ಟೆ ಜಾಲಿಸ್ತೀರಲ್ಲ, ಆ ನೀರು ಏನು ಮಾಡ್ತೀರಿ?"

"ಚೆಲ್ತೀನಿ."

"ಯಾಕೆ? ನಲ್ಲಿ ನೀರಿಗೂ ಜಗಳ ಆಡಲ್ವಾ?"

"ಕೊಳೆ ಎಲ್ಲಾ ಅದ್ರಲ್ಲೇ ಇರುತ್ತಲ್ಲ..." ಅಂದವರು ಗದ್ದೆ ನೋಡಿದರು. ನನ್ನ ಮುಖ ನೋಡಿದರು. ಸೀರೆ ಎತ್ತಿಕಟ್ಟಿ ನೀರಿಗಿಳಿದು ತಾವೇ ಆ ಗೋಣಿಚೀಲ ಕಿತ್ತು ಬಿಸಾಕಿದರು.

ಆಮೇಲಿಂದ ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ, "ಗದ್ದೆ ಜಾಲಿಸ್ತಿದ್ದೀನಿ." ಈಗ ನಾನೂ ಮೀಟಿಂಗ್‌ಗಳಲ್ಲಿ ಹಾಗೇ ಹೇಳುತ್ತೇನೆ. (ಮೇಲಿನವರು ಹುಬ್ಬೇರಿಸುತ್ತಾರೆ. ಏರಿಸಲಿ.) ಚೌಳೆಂದು ಕೈಬಿಟ್ಟ ನೆಲದಲ್ಲಿ ಮತ್ತೆ ಬೆಳೆ ತೆಗೆಯಬಹುದು. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಕಳೆದ ವಾರ ಶಾರದಕ್ಕನ ಫೋನು. "ಬೇಗ ಬನ್ನಿ" ಅಂದರೇ ಹೊರತು ಯಾಕೆಂದು ಹೇಳಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಹೋದೆ. ಗದ್ದೆ ತುಂಬಾ ಹಸಿರು! ಅಲ್ಲಲ್ಲಿ ತೆನೆಯೂ ಹೊರಟಿತ್ತು. ಬದುವಿನ ಮೇಲೆ ಅದೇ ಮೈದುನ. "ಮೇಡಂ, ಜಾಲಿಸಿದ್ದು ಸಾಕಾ? ಮುಂದಿನ ಸಲಾನೂ ಜಾಲಿಸ್ಬೇಕಾ?" ಲೇಔಟಿನ ಸುದ್ದಿಯೇ ಇಲ್ಲ.

ಸಂಜೆ ಗೇಟಿನಲ್ಲಿ ವಿಮಲಮ್ಮ ಕಾದೇ ನಿಂತಿದ್ದರು.

"ಇವತ್ತೂ ಮಣ್ಣಿಗಾ? ಯಾರದ್ದು?"

"ಅದೇ ವಿಮಲಮ್ಮ, ಭದ್ರಾವತಿದು. ಎದ್ದು ಕೂತ್ಕೊಂಡಿದೆ!"