ಬಿಸಿಲ ಕರೆಂಟಿನ ಊರಿಗೆ ಹೋಗಿ ಬಂದೆ

ಅಂಗಳದಲ್ಲಿ ತಾಡಪತ್ರಿ ಹಾಸಿ ಹೊಸ ತೊಗರಿಗೆ ಎಣ್ಣೆ ಹಚ್ಚುತ್ತಿದ್ದೆ. ಎಳ್ಳಮಾವಾಸ್ಯೆ ಮುಗಿದು ವಾರವಾಗಿತ್ತು. ಬಿಸಿಲು ಚೆನ್ನಾಗಿರುವಾಗಲೇ ಒಣಗಿಸಿಕೊಂಡರೆ ವರ್ಷದ ಬೇಳೆಗೆ ಚಿಂತೆಯಿಲ್ಲ. ಫೋನು ಬಂತು. ಎರಡೂ ಕೈ ಎಣ್ಣೆಯಾಗಿದ್ದರಿಂದ ಮಗಳೇ ಅದನ್ನು ನನ್ನ ಕಿವಿಗೆ ಹಿಡಿದಳು. ಆಚೆಯ ದನಿ ನಮ್ಮ ಸೀಮೆಯದು. ನಮ್ಮ ಯಜಮಾನರ ಮೇಲಿನ ಸುಬೇದಾರರು, ಮುದ್ದೇಬಿಹಾಳ ಕಡೆಯವರು. ಯಜಮಾನರಿಗೆ ಕರೆಂಟು ಹೊಡೆದಿದೆ, ಜೀವಕ್ಕೇನೂ ಆಗಿಲ್ಲ, ಆದರೆ ಇವತ್ತೇ ಹೊರಟು ಬನ್ನಿ ಎಂದರು. ಏನಾಗಿದೆ ಖರೇ ಹೇಳಿರೆಂದು ಕೇಳಿದೆ. "ಎಡಗೈರಿ ಅಕ್ಕಾರ" ಎಂದರು.

ಯಜಮಾನರು ಸೈನ್ಯದಲ್ಲಿ ಹವಾಲ್ದಾರರು, ವಿದ್ಯುತ್ ಕೆಲಸದವರು. ಅವರಿರುವ ದಂಡಿನ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದಾರೆ. ಸೊಲ್ಲಾಪುರದಿಂದ ಒಂದು ರಾತ್ರಿಯ ರೈಲು ಎಂದಷ್ಟು ತಿಳಿದರೆ ಸಾಕು. ಮದುವೆಯಾಗಿ ಹನ್ನೊಂದು ವರ್ಷವಾದರೂ ನಾನು ಅಲ್ಲಿಗೆ ಹೋದವಳಲ್ಲ. ಅತ್ತೆ, ಹೊಲ, ದನ ಎಂದು ದೇವರ ಹಿಪ್ಪರಗಿ ಹತ್ತಿರದ ನಮ್ಮ ಹಳ್ಳಿಯಲ್ಲೇ ಉಳಿದೆ. ಅವರೇ ರಜೆಗೆ ಬರುತ್ತಿದ್ದರು.

ಅತ್ತೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಒಂದು ವಿಭೂತಿ ಗಟ್ಟಿ ಕೈಗಿಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಮಗಳು ಅಳಲಿಲ್ಲ. ಅದೊಂದು ಪುಣ್ಯ ಎಂದುಕೊಂಡು ವಿಜಯಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ತಿಕೀಟಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಹಾಗಾಗಿ ಬಸ್ಸು ತುಂಬಿ ತುಳುಕುತ್ತಿತ್ತು. ಆದರೂ ಸಿಂದಗಿಯಿಂದ ಬಂದ ಒಬ್ಬ ಮುದುಕಿ ಸರಿದು ನನಗೆ ಕಿಟಕಿಯ ಜಾಗ ಬಿಟ್ಟುಕೊಟ್ಟಳು. "ಫ್ರೀ ಬಸ್ಸಿನಾಗ ಕುಂದ್ರಾಕ ಸಿಕ್ಕೈತಿ ಅಂದ್ರ ಮುಂಜಾನೆ ಎದ್ದು ಯಾರ ಮಾರಿ ನೋಡಿದ್ದಿ ತಂಗಿ?" ಎಂದು ನಕ್ಕಳು. ನಾನೂ ನಕ್ಕಂತೆ ಮಾಡಿದೆ.

ವಿಜಯಪುರದ ಬಸ್ ನಿಲ್ದಾಣದಲ್ಲಿ ನನ್ನ ಅಣ್ಣ ಚನ್ನಬಸಪ್ಪ ಕಾಯುತ್ತಿದ್ದ. ನಮ್ಮ ತವರು ಬಸವನ ಬಾಗೇವಾಡಿ. ಅಣ್ಣ ನಿಡಗುಂದಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಯಜಮಾನರು ಸೈನ್ಯಕ್ಕೆ ಸೇರುವ ಮೊದಲು ಎರಡು ವರ್ಷ ಅವನ ಅಂಗಡಿಯಲ್ಲೇ ಕೆಲಸ ಕಲಿತವರು. ನಮ್ಮ ಮದುವೆ ಕೂಡಿಸಿದವನೂ ಅವನೇ.

ಸೊಲ್ಲಾಪುರದ ಬಸ್ಸಿಗೆ ತಿಕೀಟು ತೆಗೆಸಿದೆವು. ರಾಜ್ಯದ ಗಡಿ ದಾಟುವಾಗ ಆಧಾರ್ ಕಾರ್ಡು ನಡೆಯುವುದಿಲ್ಲ. ದಾರಿಯುದ್ದಕ್ಕೂ ಬಿಳಿಜೋಳ ತೆನೆ ಬಲಿತು ನಿಂತಿತ್ತು. ಇಂಡಿ ತಾಲೂಕು ಹೊಕ್ಕ ಮೇಲೆ ಲಿಂಬಿ ತೋಟಗಳು ಬಂದವು. ಝಳಕಿಯಲ್ಲಿ ಬಸ್ಸು ನಿಂತಾಗ ಚಹಾ ಕುಡಿದೆವು. ಧೂಳಖೇಡದ ಹತ್ತಿರ ಭೀಮಾ ನದಿಯ ಸೇತುವೆ ದಾಟುವಾಗ, ನನ್ನ ಮುಖ ನೋಡದೆ, ಸುಬೇದಾರರು ತನಗೆ ಫೋನಿನಲ್ಲಿ ತಿಳಿಸಿದ್ದನ್ನೆಲ್ಲ ಅಣ್ಣ ಹೇಳಿದ.

ಆ ದಂಡಿನಲ್ಲಿ ಕರೆಂಟು ಉಳಿಸಲು ಒಂದು ಕ್ರಮವಿದೆ. ದಿನವೂ ಹತ್ತರಿಂದ ಹನ್ನೊಂದರವರೆಗೆ ಜವಾನರೆಲ್ಲ ಹೊರಗಿನ ಕೆಲಸದಲ್ಲಿರುತ್ತಾರೆ. ಆಗ ಆಸ್ಪತ್ರೆ ಬಿಟ್ಟು ಉಳಿದ ಕಟ್ಟಡಗಳ ಮೇನ್ ಆರಿಸುತ್ತಾರೆ. ಮಾಳಿಗೆಯ ಮೇಲೆಲ್ಲ ಸೋಲಾರ್ ಹಲಗೆಗಳಿವೆ. ಧೂಳು ಕುಳಿತರೆ ಕರೆಂಟು ಕಡಿಮೆ ಬರುತ್ತದೆಂದು ಅದೇ ತಾಸಿನಲ್ಲಿ ಅವನ್ನು ತೊಳೆಯುತ್ತಾರೆ. ಅಂದು ಯಜಮಾನರು ತೊಳೆಯುವಾಗ ಒಂದು ತಂತಿಯ ಹೊದಿಕೆಯನ್ನು ಅಳಿಲು ಕಡಿದದ್ದು ಕಾಣಿಸಿತಂತೆ. ಟೇಪು ಸುತ್ತಲು ಎಡಗೈಯಿಂದ ಹಿಡಿದರು. ಮೇನ್ ಆರಿಸಿತ್ತು, ನಿಜ. ಆದರೆ ಹಲಗೆಗೆ ಬಿಸಿಲು ಬಿದ್ದಷ್ಟು ಹೊತ್ತು ಆ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ತಂತಿ ಕೈಯನ್ನು ಕಚ್ಚಿಕೊಂಡು ಬಿಡಲಿಲ್ಲ.

ಓದುವವರಿಗೆ ಇದು ದಡ್ಡತನ ಅನಿಸಬಹುದು. ನಮ್ಮ ಕಡೆ ಪಂಪ್‌ಸೆಟ್ಟಿಗೆ ದಿನಕ್ಕೆ ಕೆಲವೇ ತಾಸು ಕರೆಂಟು ಕೊಡುತ್ತಾರೆ. ಲೈನ್ ಹೋದದ್ದೇ ತಡ ಗಂಡಸರು ಡಬ್ಬಿ ತೆಗೆದು ಫ್ಯೂಸು ಕಟ್ಟುತ್ತಾರೆ, ಹರಿದ ತಂತಿ ಸುತ್ತುತ್ತಾರೆ. ಲೈನ್ ಹೋಯಿತು ಅಂದರೆ ತಂತಿ ಸತ್ತಿತು ಎಂದೇ ನಾವು ಬೆಳೆದವರು. ಹೆಂಗಸರಾದ ನಾವೂ ಕರೆಂಟು ಹೋದಾಗಲೇ ಹಸಿಬಟ್ಟೆಯಿಂದ ಸ್ವಿಚ್ಚಿನ ಹಲಗೆ ಒರೆಸುತ್ತೇವೆ.

"ಲೈನ್ ಹೋದಾಗ ಕೈ ಹಾಕು ಅಂತ ಅವನಿಗೆ ಕಲಿಸಿದಾಂವ ನಾನ ಅದೀನಿ" ಎಂದ ಅಣ್ಣ. ಸೊಲ್ಲಾಪುರದಲ್ಲಿ ಇಳಿದು ರಾತ್ರಿಯ ರೈಲು ಹತ್ತಿದೆವು. ರೊಟ್ಟಿ ಗಂಟನ್ನು ರೈಲಿನಲ್ಲೂ ಬಿಚ್ಚಲಿಲ್ಲ.

ಬೆಳಿಗ್ಗೆ ಇಳಿದಾಗ ಚಳಿ ಇತ್ತು. ಸುಬೇದಾರರು ತಾವೇ ನಿಲ್ದಾಣಕ್ಕೆ ಬಂದಿದ್ದರು. ಐವತ್ತರ ಹತ್ತಿರದ, ದಪ್ಪ ಮೀಸೆಯ ಮನುಷ್ಯ. ದಂಡಿನ ಬಾಗಿಲಲ್ಲಿ ಕಾವಲಿನವರು ನಮ್ಮ ಗುರುತಿನ ಚೀಟಿ, ಚೀಲ ಎಲ್ಲ ನೋಡಿದರು. ಒಳಗೆ ಸದ್ದಿಲ್ಲದ ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಬಂದವರಿಗೆಲ್ಲ ತೋರಿಸಿ ರೂಢಿಯಾಗಿತ್ತೋ ಏನೋ, ಸುಬೇದಾರರು ಕೈ ಮಾಡಿ ಹೇಳುತ್ತ ಹೋದರು. ಅಡುಗೆಮನೆಯ ಮುಸುರೆಯಿಂದ ಗ್ಯಾಸ್ ಆಗುವ ತೊಟ್ಟಿ, ಸ್ನಾನದ ನೀರು ಸೋಸಿ ಬೇವಿನ ಗಿಡಗಳಿಗೆ ಬಿಡುವ ಕಾಲುವೆ, ಜನ ಬಂದಾಗ ಮಾತ್ರ ಬೆಳಗುವ ಬೀದಿ ದೀಪ, ಡೀಸೆಲ್ ಯಂತ್ರವಿದ್ದು ಈಗ ಬೀಗ ಹಾಕಿದ ಕೋಣೆ. ಮಾಳಿಗೆ ಮಾಳಿಗೆಗೂ ನೀಲಿ ಹಲಗೆಗಳು. ಅದು ತಮ್ಮದೇ ಉಸ್ತುವಾರಿ ಎಂದವರು ನನ್ನ ಮುಖ ನೋಡಿ ಚಾಚಿದ ಕೈ ಇಳಿಸಿದರು.

ಬೇರೆ ದಿನವಾಗಿದ್ದರೆ ನನಗೆ ಇದೆಲ್ಲ ಬಹಳ ಹಿಡಿಸುತ್ತಿತ್ತು. ಒಲೆಯ ಕೆಂಡವನ್ನೂ ದಂಡ ಮಾಡಬಾರದು, ಮುಸುರೆ ನೀರನ್ನೂ ಚೆಲ್ಲಬಾರದು ಎಂದು ಕಲಿತ ಮನೆ ನಮ್ಮದು. ಇಲ್ಲಿ ಅದನ್ನೇ ಇಷ್ಟು ದೊಡ್ಡದಾಗಿ ಮಾಡಿದ್ದರು. ಮಾಡಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದ ಯಜಮಾನರ ಎಡಗೈ ಬೆರಳುಗಳು ಕರಿಗಟ್ಟಿದ್ದವು. ನೋಡಿದ ಕೂಡಲೇ ನನಗೆ ತಿಳಿಯಿತು. ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದನ್ನು ಸುಬೇದಾರರು ತಿಳಿಸಿದರು. ಮೊಣಕೈ ಕೆಳಗೆ ಕೈ ಸತ್ತಿದೆ, ನಂಜು ಮೇಲೇರುತ್ತಿದೆ. ನಾಳೆ ಬೆಳಿಗ್ಗೆಯೊಳಗೆ ತೆಗೆಯದಿದ್ದರೆ ಜೀವಕ್ಕೆ ಬರುತ್ತದೆ. ಆದರೆ ಅವರು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಲ್ಲ. ಎರಡು ದಿನದಿಂದ ಎಲ್ಲರೂ ಹೇಳಿ ಸೋತಿದ್ದಾರೆ.

ನಾವು ಲಿಂಗಧಾರಿಗಳು. ಕೊರಳಲ್ಲಿರುವ ಇಷ್ಟಲಿಂಗವನ್ನು ದಿನವೂ ಎಡ ಅಂಗೈ ಮೇಲೆ ಇಟ್ಟುಕೊಂಡು ಬಲಗೈಯಿಂದ ಪೂಜಿಸುತ್ತೇವೆ. ಯಜಮಾನರು ಹಿಮದ ಗಡಿಯಲ್ಲಿದ್ದಾಗಲೂ ಒಂದು ದಿನ ತಪ್ಪಿಸಿದವರಲ್ಲ. ಅವರು ಯಾಕೆ ಸಹಿ ಹಾಕಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಂಗೈನ ಹೋದ ಮ್ಯಾಲೆ ಲಿಂಗ ಎಲ್ಲಿಟ್ಟು ಪೂಜಿ ಮಾಡ್ಲಿ, ಹೇಳು ಕಸ್ತೂರಿ" ಎಂದರು.

ನಾನು ಮಂಚದ ಪಕ್ಕ ನಿಂತೇ ಇದ್ದೆ. ಅವರಂತೆಯೇ ನಂಬಿದವಳು ನಾನು. ಮಗಳ ಮಾತು ತೆಗೆಯಬಹುದಿತ್ತು, ಅತ್ತೆಯ ವಯಸ್ಸು ಹೇಳಬಹುದಿತ್ತು. ಅದನ್ನೆಲ್ಲ ಬೇರೆಯವರು ಆಗಲೇ ಹೇಳಿದ್ದರು. ನನ್ನ ಎಡಗೈ ಚಾಚಿದೆ.

"ನನ್ನ ಅಂಗೈ ಮ್ಯಾಲ ಇಡ್ರಿ."

"ಒಬ್ಬರ ಲಿಂಗ ಇನ್ನೊಬ್ಬರ ಕೈಯಾಗ ಕೊಡಬಾರದು ಅಂತ ಗೊತ್ತಿಲ್ಲೇನು ನಿನಗ?"

"ಗೊತ್ತೈತ್ರಿ. ಪಾಪ ಬಂದ್ರ ನನಗ ಬರಲಿ. ನೀವು ಸಹಿ ಮಾಡ್ರಿ."

ಅವರು ಗೋಡೆ ಕಡೆ ಮುಖ ತಿರುಗಿಸಿದರು. ಅಣ್ಣ ಬಾಗಿಲಲ್ಲಿ ನಿಂತಿದ್ದ, ಒಳಗೆ ಕಾಲಿಡಲು ಧೈರ್ಯವಿರಲಿಲ್ಲ. ಅವನನ್ನು ಕಂಡು ಯಜಮಾನರೇ ಕರೆದರು. "ಬರ್ರಿ ಅಣ್ಣಾರ. ನಿಮ್ಮ ಅಂಗಡಿ ಹುಡುಗ ಇನ್ನ ಮೋಟಾರ್ ವೈಂಡಿಂಗ್ ಕೆಲಸಕ್ಕ ಬರೂದಿಲ್ಲ ನೋಡ್ರಿ." ಅಣ್ಣ ಅವರ ಕಾಲ ಹತ್ತಿರ ಕುಳಿತು ಅತ್ತ. ಅವನು ಅತ್ತದ್ದನ್ನು ಅಪ್ಪ ತೀರಿಕೊಂಡಾಗಲೂ ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ಪೆನ್ನು ಕೇಳಿದರು.

ಮರುದಿನ ಬೆಳಿಗ್ಗೆ ಒಳಗೆ ಕರೆದೊಯ್ಯುವಾಗ ಲಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೂರು ತಾಸು ಆಯಿತು. ಕುಳಿತು ಕುಳಿತು ತಾಳಲಾರದೆ, ಅದು ಆದ ಜಾಗ ತೋರಿಸಿರೆಂದು ಸುಬೇದಾರರನ್ನು ಕೇಳಿದೆ. ಅವರು ಬೇಡವೆನ್ನಲಿಲ್ಲ. ಎರಡು ಅಂತಸ್ತಿನ ಬ್ಯಾರಕ್ಕು. ಮಾಳಿಗೆ ತುಂಬ ಹಲಗೆಗಳು ಸಾಲಾಗಿ ಬಿಸಿಲಿಗೆ ಮುಖ ಮಾಡಿ ನಿಂತಿದ್ದವು. ಒಂದು ತಂತಿಗೆ ಹೊಸ ಹೊದಿಕೆ ಹಾಕಿದ್ದರು. ಪಕ್ಕದಲ್ಲಿ ಕೆಂಪು ಅಕ್ಷರದ ಹೊಸ ಫಲಕವಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು.

ಈ ಹಲಗೆಗಳು ಬಂದ ಮೇಲೆ ಡೀಸೆಲ್ ಟ್ಯಾಂಕರು ಬರುವುದೇ ಅಪರೂಪವಾಗಿತ್ತು, ಮೇಲಿನವರು ಬಂದು ಹೊಗಳಿ ಹೋಗಿದ್ದರು ಎಂದು ಸುಬೇದಾರರು ನಿಧಾನವಾಗಿ ಹೇಳಿದರು. ಮೇನ್ ಆರಿಸಿದ ತಾಸಿನಲ್ಲೇ ತೊಳೆಯಬೇಕೆಂದು ಹೇಳಿದವರು ಈ ಸುಬೇದಾರರೇ. ಕರೆಂಟು ಇಲ್ಲದಾಗ ತೊಳೆದರೆ ಅಪಾಯವಿಲ್ಲ ಎಂಬುದು ಅವರ ಲೆಕ್ಕವೂ ಆಗಿತ್ತು. ಅವರೂ ನಮ್ಮ ಸೀಮೆಯವರೇ ಅಲ್ಲವೆ.

"ರಬ್ಬರ್ ಗ್ಲೌಸು ಸ್ಟೋರಿನಾಗ ಇದ್ದೂವ್ರಿ ಅಕ್ಕಾರ. ಒಂದು ಮಾತು ಹೇಳಿದ್ರ ತರ್ತಿದ್ದ. ನಾ ಹೇಳಲಿಲ್ಲ."

ಬೈಯಲು ಬಾಯಿ ಬರಲಿಲ್ಲ, ಬಿಡ್ರಿ ಎಂದು ಹೇಳಲೂ ಬಾಯಿ ಬರಲಿಲ್ಲ. ಕೆಳಗಿಳಿದೆವು.

ಆಪರೇಷನ್ ಮುಗಿಯಿತು. ಬಲಗೈ ಉಳಿಯಿತು, ಕಣ್ಣು ಉಳಿಯಿತು, ಮೊಣಕೈ ಉಳಿಯಿತು ಎಂದು ನಾನು ಬೆರಳು ಮಡಿಚಿ ಎಣಿಸಿದೆ. ನಾಲ್ಕನೆಯ ದಿನ ಅವರು ಎದ್ದು ಕುಳಿತರು. ದಂಡಿನಲ್ಲಿ ಬಿಲ್ವದ ಗಿಡವೂ ಇತ್ತು, ಸೋಸಿದ ನೀರಿನಲ್ಲಿ ಬೆಳೆದದ್ದು. ಅಣ್ಣ ಎಲೆ ತಂದ. ನಾನು ಸ್ನಾನ ಮಾಡಿ, ನನ್ನ ಪೂಜೆ ಮುಗಿಸಿ, ಎಡ ಅಂಗೈ ಚಾಚಿ ಮಂಚದ ಪಕ್ಕ ಕುಳಿತೆ. ಅವರು ಬಲಗೈಯಿಂದ ಲಿಂಗವನ್ನು ಅದರ ಮೇಲೆ ಇಟ್ಟರು. ವಿಭೂತಿ ಹಚ್ಚಿ ಎಲೆ ಏರಿಸಿದರು. ಆಮೇಲೆ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನನ್ನ ಕೈ ಜೋಮು ಹಿಡಿಯಿತು. ಕದಲಿಸಲಿಲ್ಲ. ಹನ್ನೆರಡು ದಿನ ಹೀಗೆಯೇ ನಡೆಯಿತು.

ಹದಿನಾರನೆಯ ದಿನ ನಾವು ಹೊರಡಬೇಕಾಯಿತು. ಅತ್ತೆಗೆ ಜ್ವರ ಬಂದಿತ್ತು, ಹೊಲದಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ಯಜಮಾನರು ಇನ್ನೂ ಎರಡು ತಿಂಗಳು ಅಲ್ಲೇ ಇರಬೇಕಿತ್ತು, ಆಮೇಲೆ ಬೇರೆ ಊರಿನಲ್ಲಿ ಕೃತಕ ಕೈ ಕೂಡಿಸುತ್ತಾರಂತೆ. ನಾನು ಹೋದ ಮೇಲೆ ಪೂಜೆ ಹೇಗೆ ಎಂಬ ಚಿಂತೆ ಇಬ್ಬರಿಗೂ ಇತ್ತು. ಆ ದಿನದ ಪೂಜೆಗೆ ಕುಳಿತಾಗ ಸುಬೇದಾರರು ಬಂದು ಬಾಗಿಲ ಬಳಿ ಬೂಟು ಬಿಚ್ಚಿದರು. ಕೈಕಾಲು ತೊಳೆದು ಬಂದಿದ್ದರು.

"ನಾವು ಕುರುಬರ್ರಿ. ನಮ್ಮ ಮನ್ಯಾಗ ಲಿಂಗ ಕಟ್ಟೂದಿಲ್ಲ. ನಮ್ಮ ಕೈ ನಡೀತದೋ ಇಲ್ಲೋ ನೀವ ಹೇಳ್ರಿ. ಡ್ಯೂಟಿಗೆ ಹೋಗೂ ಮುಂದ ದಿನಾ ಬಂದು ಕುಂದರ್ತೇನಿ" ಎಂದರು.

ಯಜಮಾನರು ನನ್ನ ಕಡೆ ನೋಡಿದರು. ನನಗೆ ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಲಿ. ಹೆಂಡತಿಯ ಕೈ ಬೇರೆ, ಇದು ಬೇರೆ. ಆದರೆ ಬಸವನ ಬಾಗೇವಾಡಿಯಲ್ಲಿ ಹುಟ್ಟಿದವಳು ನಾನು, ಯಾವ ಬಾಯಿಂದ ಬೇಡ ಎನ್ನಲಿ? ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ. ಅವರು ಕುಳಿತು ಎಡಗೈ ಚಾಚಿದರು. ಒರಟು ಕೈ, ಗಟ್ಟಿ ಕೈ. ಯಜಮಾನರು ಅದರ ಮೇಲೆ ಲಿಂಗವನ್ನು ಇಟ್ಟರು.

ದಂಡಿನ ಬಾಗಿಲು ದಾಟಿ ಒಮ್ಮೆ ಹಿಂತಿರುಗಿ ನೋಡಿದೆ. ಹತ್ತು ಗಂಟೆಯಾಗಿತ್ತು, ಮೇನ್ ಆರಿಸುವ ಹೊತ್ತು. ಮಾಳಿಗೆಗಳ ಮೇಲೆ ಹಲಗೆಗಳು ಹೊಳೆಯುತ್ತಿದ್ದವು.

ಮನೆಗೆ ಬಂದಾಗ ಅತ್ತೆಯ ಜ್ವರ ಇಳಿದಿತ್ತು. ಪೂಜೆ ಹೇಗೆ ಮಾಡುತ್ತಾನೆ ಎಂದೇ ಮೊದಲು ಕೇಳಿದರು. "ನಡದೈತ್ರಿ ಅತ್ತಿ" ಎಂದೆ. ಯಾರ ಕೈ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರಿಗೆ ಓದಲು ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಮಧ್ಯಾಹ್ನ ಟ್ರಂಕು ತೆಗೆದು ಯಜಮಾನರ ಪಾಯಿಜಾಮಗಳನ್ನೆಲ್ಲ ಹೊರಗೆ ಹಾಕಿದೆ. ಒಂದು ಕೈಯಿಂದ ಲಾಡಿ ಕಟ್ಟಲು ಬರುವುದಿಲ್ಲ. ಒಂದೊಂದರ ಲಾಡಿಯನ್ನೂ ಎಳೆದು ತೆಗೆದು, ಪಿನ್ನಿಗೆ ಸಿಕ್ಕಿಸಿ ಎಲಾಸ್ಟಿಕ್ ಪೋಣಿಸುತ್ತ ಕುಳಿತೆ.