ನಾಯಕರ ಹೆಂಡತಿಯ ಪಾತ್ರ

ಇವತ್ತು ಬೆಳಿಗ್ಗೆ ಅಮೆರಿಕದ ಮಿಷಿಗನ್ ರಾಜ್ಯದ ವಿಕ್ಸಮ್‌ನ ನಮ್ಮ ಮನೆಯ ಸಿಂಕಿನಲ್ಲಿ ಹಳೆಯ ಆರತಿ ತಟ್ಟೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಆ ಹುಳಿ ವಾಸನೆಗೆ ನಿಮಗೆ ದೇವರು ನೆನಪಾಗಬಹುದು. ನನಗೆ ನೆನಪಾದದ್ದು ಚರ್ಚಿನ ಬೇಸ್‌ಮೆಂಟು.

ಎಪ್ಪತ್ತರ ದಶಕದಲ್ಲಿ ಇಲ್ಲೇ ಹತ್ತಿರದ ಆನ್ ಆರ್ಬರ್‌ನ ಕನ್ನಡಿಗರಾದ ನಾವು ಪ್ರತಿ ಆಗಸ್ಟಿನಲ್ಲಿ ಅದನ್ನು ಬಾಡಿಗೆಗೆ ಹಿಡಿದು, ದೇಶ ಕಟ್ಟಿದ ಮಹಾನಾಯಕರೊಬ್ಬರ ಬಾಲ್ಯ, ಹರೆಯವನ್ನು ನಾಟಕವಾಡುತ್ತಿದ್ದೆವು. ದೇಶ ಬಿಟ್ಟು ಬಂದವರಿಗೆ ದೇಶಭಕ್ತಿಗೆ ಪುರುಸೊತ್ತು ಜಾಸ್ತಿ.

ಬರೆದವನು, ಆಡಿಸಿದವನು, ನಾಯಕರ ವೇಷ ಹಾಕಿದವನು ಎಲ್ಲ ಒಬ್ಬನೇ: ಗೆಳೆಯ ನಂಜುಂಡಯ್ಯ. ಬೋಳುತಲೆಗೆ ವಿಗ್ ಏರಿಸಿ ಹರೆಯದವನಾಗಿ, ತಾಯಿಯ ಮುಂದೆ ಆಣೆಯಿಟ್ಟು, ಓದಲು ಇಂಗ್ಲೆಂಡಿಗೆ ಹೊರಡುತ್ತಿದ್ದ. ಅವನ ಹೆಂಡತಿ ವಿಶಾಲಾಕ್ಷಿಯವರಿಗೆ ನಾಯಕರ ಹೆಂಡತಿಯ ಪಾತ್ರ. ಆರತಿ ತಟ್ಟೆ ಹಿಡಿದು ನಿಲ್ಲುವುದು, ಮಾತಿಲ್ಲ. ನಾನು ಪರದೆಯ ಹಿಂದೆ ನಿಂತು, ಮರೆತವರಿಗೆ ಮಾತು ಎತ್ತಿಕೊಡುವವನು. ಆಕೆಯ ಮಟ್ಟಿಗೆ ನಿರುದ್ಯೋಗಿ.

"ರೀ, ನಾಯಕರು ಹೊರಟಾಗ ಅವರ ಹೆಂಡತಿ ಏನಂದ್ರಂತೆ?" ಎಂದು ಆಕೆ ಒಮ್ಮೆ ರಿಹರ್ಸಲಿನಲ್ಲಿ ಕೇಳಿದರು.

"ಚರಿತ್ರೇಲಿ ರೆಕಾರ್ಡ್ ಆಗಿಲ್ಲ ಕಣೇ. ನೀನು ತಟ್ಟೆ ನೆಟ್ಟಗೆ ಹಿಡಿ," ಎಂದ ಗಂಡ.

ಆ ಬೇಸಿಗೆಯಲ್ಲಿ ಆಕೆಗೆ ಅಲ್ಲಿಯ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಮೈಸೂರಿನಲ್ಲಿ ಮದುವೆಗೆಂದು ನಿಲ್ಲಿಸಿದ ಓದು. ಅದೇ ವಾರ ನಂಜುಂಡಯ್ಯ ಇಲಿನಾಯ್ ರಾಜ್ಯದ ಷಿಕಾಗೋ ಪಕ್ಕದ ಸ್ಕೋಕಿಯಲ್ಲಿ ಕೆಲಸ ಒಪ್ಪಿಕೊಂಡು, ಮನೆಯನ್ನೂ ಗೊತ್ತುಮಾಡಿ ಬಂದು, ನಮ್ಮೆಲ್ಲರ ಊಟದ ನಡುವೆ ಸುದ್ದಿ ಹೇಳಿದ. ಆಕೆ ಸಾರು ಬಡಿಸುತ್ತಿದ್ದರು. ಬಡಿಸಿದರು.

ನಾಟಕದ ದಿನ ನಾಯಕರು ಆಣೆಯಿಟ್ಟು ತಿರುಗಿದಾಗ ಆಕೆ ತಟ್ಟೆ ಕೆಳಗಿಟ್ಟು ಮೆಲ್ಲಗೆ ಅಂದರು: "ಒಪ್ಕೊಳೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಸಭೆ ಚಪ್ಪಾಳೆ ತಟ್ಟಿತು. "ಎಂಥ ಡೈಲಾಗ್ ಬರೆದಿದೀರಿ ಸಾರ್," ಎಂದು ಡಾಕ್ಟರೊಬ್ಬರು ನಂಜುಂಡಯ್ಯನ ಕೈಕುಲುಕಿದರು. ಅವನು ಹೊಗಳಿಕೆಯನ್ನು ಇಟ್ಟುಕೊಂಡ. ಸಂಸಾರವನ್ನು ಸ್ಕೋಕಿಗೆ ಸಾಗಿಸಿದ. ಹೊರಡುವ ದಿನ ಆಕೆ ತಟ್ಟೆಯನ್ನು ನನ್ನ ಹೆಂಡತಿಯ ಕೈಗಿಟ್ಟರು.

ಮರುವರ್ಷ ಸ್ಕೋಕಿಯ ಪ್ರದರ್ಶನಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ಹೆಂಡತಿಯ ಪಾತ್ರವೇ ಇರಲಿಲ್ಲ. ಬಾಲ್ಯದಲ್ಲೇ ಮದುವೆಯಾಗಿದ್ದ ನಾಯಕರು ಇಲಿನಾಯ್ ರಾಜ್ಯದ ಮಟ್ಟಿಗೆ ಬ್ರಹ್ಮಚಾರಿಗಳಾಗಿದ್ದರು. ವಿಶಾಲಾಕ್ಷಿ ಹಿಂದಿನ ಅಡುಗೆಕೋಣೆಯಲ್ಲಿ ಎಲ್ಲರಿಗೂ ಉಪ್ಪಿಟ್ಟು ಕೆದಕುತ್ತಿದ್ದರು.

"ಈ ಸಲ ನನಗೂ ಡೈಲಾಗ್ ಇದೆ ಕಣ್ರೀ," ಅಂದರು. "ಇನ್ನೊಂಚೂರು ಹಾಕ್ಲಾ, ಅನ್ನೋದು."

ಆಕೆ ಮತ್ತೆ ಓದಲಿಲ್ಲ.

ತಟ್ಟೆ ತೊಳೆದು ಒರೆಸುತ್ತಿದ್ದಾಗ ಮೊಮ್ಮಗಳು ಬಂದಳು. ಸ್ಕೂಲಿಗೆ ಅದೇ ನಾಯಕರ ಬಗ್ಗೆ ಬರೆಯುತ್ತಿದ್ದಾಳೆ. "ತಾತಾ, ವಾಟ್ ಡಿಡ್ ಹಿಸ್ ವೈಫ್ ಸೇ ವೆನ್ ಹಿ ಲೆಫ್ಟ್?"

ಚರಿತ್ರೆಯಲ್ಲಿ ದಾಖಲಾಗಿಲ್ಲ ಎಂಬ ಉತ್ತರ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ, ವಿಶಾಲಾಕ್ಷಿಯವರು ಅಂದು ರಂಗದ ಮೇಲೆ ಆಡಿದ ಮಾತನ್ನು ಎತ್ತಿಕೊಟ್ಟೆ. ಮೊಮ್ಮಗಳು ಬರೆದುಕೊಂಡಳು. ಟೀಚರು ತಪ್ಪೆಂದು ಗೆರೆ ಎಳೆಯಬಹುದು. ಎಳೆಯಲಿ.